ಎಣ್ಣೆಯ ಕೊಳವೆಗೆ ಸುತ್ತಿದ ತೊಗಲು

"ಕೈ ತೆಗಿ ಅಲ್ಲಿಂದ!"

ಡೇರೆಯಿಂದ ಹೊರಬಂದವಳೇ ಗಾರೆನ್ ಕೂಗಿದಳು. ಅವಳ ಹಿಮಗಾಡಿಯ ಮುಚ್ಚಳ ತೆರೆದುಕೊಂಡಿತ್ತು. ಎಂಜಿನ್ನಿನ ಸಂದಿಗೆ ಮೊಣಕೈವರೆಗೆ ಕೈ ತೂರಿಸಿಕೊಂಡು ಮೈದುನ ಮಾಹ್ತೆ ಮಂಡಿಯೂರಿದ್ದ. ಪಕ್ಕದ ಹಿಮದಲ್ಲಿ ಅವನ ಚಾಕು ನೆಟ್ಟಿತ್ತು.

"ಬೆಳ್ಳಂಬೆಳಗ್ಗೆ ಯಾಕೆ ಹೀಗೆ ಉರಿದು ಬೀಳ್ತೀರಿ ಅತ್ತಿಗೆ? ಕೆಳಗೆ ಎಣ್ಣೆ ತೊಟ್ಟಿಕ್ಕಿತ್ತು. ನೋಡಿ ಸುಮ್ಮನೆ ಹೋಗೋದಕ್ಕಾಗುತ್ತಾ?"

"ತಾನಾಗಿ ತೊಟ್ಟಿಕ್ತೋ, ನೀನೇ ಕೊಯ್ದೆಯೋ? ಚಳಿಗಾಲದಲ್ಲಿ ನನ್ನ ಮುಂದಾಳು ಸಾರಂಗ ಹೋಯ್ತು. ಈಗ ಗಾಡಿ ಸರದಿ!"

"ತೋಳ ತಿಂದಿದ್ದಕ್ಕೂ ನಾನೇ ಹೊಣೆಯಾ?"

ಸಾರಂಗ ಕಾಣೆಯಾದಾಗ ತೋಳ ಎಂದು ಮೊದಲು ಬಾಯಿಬಿಟ್ಟವನೂ ಇವನೇ. ಗಂಡ ಸತ್ತ ಮೇಲೆ ಗಾರೆನ್‌ಗೆ ಉಳಿದಿದ್ದು ಹಿಮಸಾರಂಗಗಳ ಆ ಹಿಂಡೊಂದೇ. ಅದರ ಮೇಲೆ ಮೈದುನನ ಕಣ್ಣಿದೆ ಎಂದು ಅವಳ ಒಳಮನಸ್ಸು ಹೇಳುತ್ತಲೇ ಇತ್ತು. ಇವತ್ತು ಗಬ್ಬದ ಹಿಂಡನ್ನು ನದಿ ದಾಟಿಸಬೇಕು. ಏಪ್ರಿಲ್ ಬಿಸಿಲಿಗೆ ಮಂಜುಗಡ್ಡೆ ಇನ್ನೆರಡು ದಿನ ತಡೆದರೆ ಹೆಚ್ಚು. ನಡುದಾರಿಯಲ್ಲಿ ಎಣ್ಣೆ ಸೋರಿ ಎಂಜಿನ್ ಕಚ್ಚಿಕೊಂಡು ನಿಂತರೆ ಹಿಂಡು ದಿಕ್ಕಾಪಾಲಾಗುತ್ತದೆ. ಚದುರಿದ್ದನ್ನು ಕೂಡಿಸಿಕೊಳ್ಳಲು ಹಿಂದೆಯೇ ಮಾಹ್ತೆ ಇರುತ್ತಾನೆ.

ಅವನು ಕತ್ತರಿಸಿ ತೆಗೆದ ಹಳೆಯ ಕೊಳವೆಯ ತುಂಡನ್ನು ಅವಳ ಅಂಗೈಗೆ ಹಾಕಿದ. "ಬೆರಳಾಡಿಸಿ ನೋಡಿ. ಚಾಕು ಹೀಗೆ ನುಣ್ಣಗೆ ಸವೆಸುತ್ತಾ? ಚಳಿಗೆ ರಬ್ಬರು ಸೆಟೆದು, ಗಾಡಿ ಅದುರಿದಾಗಲೆಲ್ಲ ಆ ತಗಡಿನ ಅಂಚಿಗೆ ತಿಕ್ಕಿದೆ. ಅಣ್ಣ ಇದ್ದಿದ್ದರೆ ಮೊದಲೇ ಏನಾದರೂ ಸುತ್ತಿರ್ತಿದ್ದ. ಹೊಸ ಕೊಳವೆ ಹಾಕಿ, ತಿಕ್ಕೋ ಕಡೆ ತೊಗಲು ಸುತ್ತಿದ್ದೀನಿ. ಇನ್ನು ಎರಡು ಚಳಿಗಾಲ ನಿಶ್ಚಿಂತೆಯಾಗಿರಿ."

ಗಾರೆನ್ ಬೆರಳಾಡಿಸಿದಳು. ನಿಜ, ಸವೆದದ್ದೇ. ತಗಡಿನ ಅಂಚು ಕೂಡ ಆ ಜಾಗದಲ್ಲಿ ಮಿರುಗುತ್ತಿತ್ತು. ಅವಳಿಗೆ ನಾಚಿಕೆಯಾಯಿತು. ಒಳಗೆ ಹೋಗಿ ಕಾಫಿ ಬಗ್ಗಿಸಿ, ಆ ಕಡೆಯ ರೂಢಿಯಂತೆ ಅದರಲ್ಲಿ ದೊಡ್ಡದೊಂದು ಚೀಸಿನ ತುಂಡು ಮುಳುಗಿಸಿ ತಂದುಕೊಟ್ಟಳು.

"ನನ್ನ ನಾಲಗೆಗೆ ಎಲುಬಿಲ್ಲ, ಮನಸ್ಸಿಗೆ ಹಚ್ಚಿಕೋಬೇಡ. ಹೇಗೆ ಕಟ್ಟಿದೆ ತೋರಿಸು, ಮುಂದಿನ ಸಲ ನಾನೇ ಕಟ್ಟಿಕೊಳ್ತೀನಿ."

"ಅದರಲ್ಲೇನಿದೆ ನೋಡೋಕೆ? ಬಿಡಿ ಅತ್ತಿಗೆ," ಎಂದು ಮಾಹ್ತೆ ಕಾಫಿಗೆ ಬಾಯಿ ಹಚ್ಚಿದ.

ಅವಳು ಆಗಲೇ ಬಗ್ಗಿದ್ದಳು. ಕೂದಲು ಒಳಗಾಗುವಂತೆ ಸುತ್ತಿದ್ದ ಸಾರಂಗದ ಕಾಲಿನ ತೊಗಲು. ಅಂಚನ್ನು ಹೆಬ್ಬೆರಳಿನಿಂದ ಎತ್ತಿದಳು. ಹಾಲಿನಂಥ ಬಿಳಿ ಕೂದಲು, ನಡುವೆ ಬಳೆ ತೊಡಿಸಿದಂತೆ ಒಂದೇ ಒಂದು ಕಂದು ಪಟ್ಟೆ. ಕರುವಾಗಿದ್ದಾಗಿನಿಂದ ಅವಳು ಕೈಯಾರೆ ಸಾಕಿದ ಮುಂದಾಳು ಸಾರಂಗದ ಕಾಲು ಅದು.

ಹಿಮಸಾರಂಗ ಸಾಕುವ ಸಾಮಿ ಜನ ಒಡೆಯನ ಗುರುತನ್ನು ಕೊಯ್ಯುವುದು ಕಿವಿಯಲ್ಲಿ. ಕದ್ದವರು ಕಿವಿಯನ್ನು ಸುಟ್ಟುಬಿಡುತ್ತಾರೆ. ಕಾಲನ್ನು ಮಾತ್ರ ಯಾರೂ ಸುಡುವುದಿಲ್ಲ. ಬೂಟಿಗೆ ಅದರಷ್ಟು ಒಳ್ಳೆಯ ತೊಗಲು ಇನ್ನೊಂದಿಲ್ಲ.

ಗಾರೆನ್ ತೊಗಲಿನ ಅಂಚನ್ನು ಮೊದಲಿನಂತೆಯೇ ಒತ್ತಿ ಮುಚ್ಚಿದಳು.

"ಕಟ್ಟು ಗಟ್ಟಿಯಾಗಿದೆ," ಎಂದಳು. "ಉಳಿದ ಮೂರು ಕಾಲು ಎಲ್ಲಿಟ್ಟಿದ್ದೀಯ, ಮಾಹ್ತೆ?"