ಗಡಿಕಲ್ಲಿನ ಆಚೆ ಖೋಖೋ ಫೈನಲ್

ಪೂರ್ತಿ ಓದಿ... ಓದಿದ ಮೇಲೆ ಬೈಯಬೇಕು ಅನಿಸಿದರೆ ನನ್ನನ್ನೇ ಬೈಯಿರಿ.

ನಾನು ಹಳ್ಳಿ ಶಾಲೆಯೊಂದರ ಪಿ.ಇ. ಮೇಷ್ಟ್ರು. ಅವತ್ತು ನಮ್ಮ ಹುಡುಗಿಯರ ಖೋಖೋ ಫೈನಲ್. ಏಳು ವರ್ಷ ಕಾದ ಫೈನಲ್ ಅದು... ಬೆಳಗಿನಿಂದ ನನಗೆ ನಿಂತಲ್ಲಿ ನಿಲ್ಲೋಕೆ ಆಗ್ತಿರಲಿಲ್ಲ.

ಸ್ಕೋರು ಸಮ. ಉಳಿದಿದ್ದು ನಾಲ್ಕೇ ನಿಮಿಷ. ಅಷ್ಟರಲ್ಲಿ ಫೋನ್‌ಗೆ ಮೆಸೇಜ್ ಬಂತು...

ಪಕ್ಕದ ಜಿಲ್ಲೆಗೆ ಗುಡುಗು, ಸಿಡಿಲಿನ ಆರೆಂಜ್ ಅಲರ್ಟ್. ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹೆಸರೇ ಇಲ್ಲ.

ಗಟ್ಟಿಯಾಗಿ ಓದಿ ಹೇಳಿದೆ, "ನಮಗಲ್ಲ ಅದು, ಆಡ್ರಿ ಆಡ್ರಿ."

ಬಿಸಿಯೂಟದ ಅಡುಗೆ ಮಾಡೋ ಫಕೀರವ್ವ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. ಬಂದವಳೇ ಕೋರ್ಟಿನ ನಟ್ಟನಡುವೆ ಕೂತುಬಿಟ್ಟಳು.

"ಸರ, ಹುಡುಗ್ಯಾರನ್ನ ಒಳಗ ಕಳಸ್ರಿ. ಅಲ್ಲೀಮಟ ನಾ ಏಳಂಗಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಏಳಬೇ ಯವ್ವಾ, ಮ್ಯಾಚ್ ಕೆಡಸಬ್ಯಾಡ. ಅಲರ್ಟ್ ಬಂದಿದ್ದು ಪಕ್ಕದ ಜಿಲ್ಲಾಕ್ಕ."

ಫಕೀರವ್ವ ಶಾಲೆಗೂ ಮೈದಾನಕ್ಕೂ ನಡುವಿನ ಗಡಿಕಲ್ಲಿನ ಕಡೆ ಸೌಟು ತೋರಿಸಿದಳು.

"ಸಾಲಿ ಅಷ್ಟ ನಮ್ಮ ಜಿಲ್ಲಾದಾಗ ಐತ್ರಿ ಸರ. ನೀವು ಆಡಸಾಕತ್ತಿದ್ದು ಕಲ್ಲಿನ ಆಚೆ."

ದಿನಾ ಆ ಕಲ್ಲಿನ ಮೇಲೆ ನೀರಿನ ಕೊಡ ಇಡೋನು ನಾನೇ. ಮೈದಾನ ಪಕ್ಕದ ಜಿಲ್ಲೆಗೆ ಸೇರಿದ್ದು ಅಂತ ಊರಿಗೆಲ್ಲ ಗೊತ್ತು... ಆ ಹೊತ್ತಿಗೆ ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

ತಲೆ ಎತ್ತಿ ನೋಡಿದೆ. ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು. ಜೋರಾಗಿ ಸೀಟಿ ಊದಿದೆ. ಎರಡೂ ಟೀಮು ಶಾಲೆಯೊಳಗೆ ಓಡಿದವು.

ಕೊನೆಯ ಹುಡುಗಿ ಹೊಸಿಲು ದಾಟಿ ಐದು ನಿಮಿಷ ಆಗಿರಲಿಲ್ಲ... ಸಿಡಿಲು ಬಡಿದು ಮೈದಾನದ ಬೇವಿನ ಮರ ಎರಡು ಸೀಳಾಯಿತು.

ಆಟ ನಿಲ್ಲಿಸೋವರೆಗೂ ಬದಲಿ ಆಟಗಾರ್ತಿಯರು ಆರು ಮಂದಿ ಕೂತಿದ್ದು ಅದೇ ಮರದ ಬುಡದಲ್ಲಿ.

ಫಕೀರವ್ವನ ಕಡೆ ತಿರುಗಿದೆ. "ನಿನಗೊಬ್ಬಾಕಿಗೇ ಹೆಂಗ ನೆನಪಾತು ಯವ್ವಾ?" ಅಂದೆ.

"ನನ್ನ ಗಂಡ ಸಿಡಿಲು ಬಡದು ಸತ್ತಿದ್ದು ಆ ಕಲ್ಲಿನ ಹತ್ರಾನ ರೀ. ತಲಿ ಆ ಜಿಲ್ಲಾದಾಗ, ಕಾಲು ಈ ಜಿಲ್ಲಾದಾಗ. ನಿಮ್ಮ ಕೇಸು, ನಿಮ್ಮ ಕೇಸು ಅಂತ ಎರಡೂ ಕಡೆ ಪೊಲೀಸ್ರು ಸಂಜೀಮಟ ಜಗಳಾಡಿದ್ರು. ನನಗ ಹೆಣ ಮುಟ್ಟಾಕೂ ಬಿಡಲಿಲ್ಲ..."

ಸೆರಗಿನಿಂದ ಮುಖ ಒರೆಸಿಕೊಂಡಳು. "ಸಿಡಿಲು ಮಾತ್ರ ಯಾವ ಜಿಲ್ಲಾ ಅಂತ ಕೇಳಿರಲಿಲ್ಲ ಸರ."

ನಾನು ಮಕ್ಕಳ ಎದುರಿಗೇ ಅತ್ತುಬಿಟ್ಟೆ.

ಉಳಿದ ನಾಲ್ಕು ನಿಮಿಷದ ಆಟ ಮಾರನೇ ದಿನ ನಡೆಯಿತು. ಆಕಾಶ ನೋಡಿ, ಸೈ ಅಂದು ಸೀಟಿ ಊದಿದ್ದು ಫಕೀರವ್ವ. ಒಂದು ಪಾಯಿಂಟಿನಿಂದ ಗೆದ್ದೆವು... ಹುಡುಗಿಯರು ಕಪ್ ತಂದು ಇಟ್ಟಿದ್ದು ಅವಳ ಮಡಿಲಲ್ಲಿ.

*ಎಚ್ಚರಿಕೆಯಲ್ಲಿ ನಮ್ಮ ಜಿಲ್ಲೆಯ ಹೆಸರು ಹುಡುಕೋ ಮೊದಲು, ನಾವು ನಿಂತಿರೋ ಜಾಗ ನೋಡಿಕೊಳ್ಳೋಣ.*

"ಅದು ನಮಗಲ್ಲ" ಅಂತ ನೀವು ಇವತ್ತು ಪಕ್ಕಕ್ಕೆ ತಳ್ಳಿದ ಮಾತು ಯಾವುದು...?