ಮದ್ದಿನ ನೀರು

ಕೋಳಿಮರಿಗಳ ಕೋಣೆಯ ಬಾಗಿಲು ತೆಗೆದ ಟೈಲರಮ್ಮ ಮೊದಲು ನೋಡಿದ್ದು ಮರಿಗಳನ್ನಲ್ಲ, ಔಷಧಿ ಬೆರೆಸಿಟ್ಟಿದ್ದ ನೀರಿನ ಡಬ್ಬವನ್ನು. ನಿನ್ನೆ ಬೆಳಿಗ್ಗೆ ತುಂಬಿಟ್ಟದ್ದು ಇವತ್ತೂ ಹಾಗೇ ತುಂಬಿತ್ತು. ನೆಲಕ್ಕೆ ಹಾಸಿದ್ದ ಹೊಟ್ಟಿನ ಮೇಲೆ ಮತ್ತೆ ರಕ್ತ ಬೆರೆತ ಹಿಕ್ಕೆ. ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ಮುದುಡಿಕೊಂಡಿದ್ದ ಮರಿಗಳ ಪಕ್ಕ ಇನ್ನೊಂದು ಸತ್ತು ಬಿದ್ದಿತ್ತು.

ಇನ್ನೊಬ್ಬರ ಅಂಗಿಗೆ ಕಾಲರ್ ಹೊಲಿದದ್ದು ಸಾಕು ಎಂದು ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದು ಸಾಕಿದ ಮೊದಲ ಮರಿಗಳು ಇವು. ಇವು ಕೈಬಿಟ್ಟರೆ ಮತ್ತೆ ಅದೇ ಮಿಷನ್ನು, ಅದೇ ಸೂಪರ್‌ವೈಸರನ ಗುರುಗುಟ್ಟುವಿಕೆ. ಆದರೆ ತಲೆ ಮೇಲೆ ಕೈ ಹೊತ್ತು ಕೂರುವ ಜಾಯಮಾನ ಅವಳದಲ್ಲ. ಇದು ಕಾಕ್ಸಿಡಿಯೋಸಿಸ್, ಕರುಳಿಗೆ ಹತ್ತುವ ರಕ್ತಭೇದಿ, ಬೇಗ ಔಷಧಿ ಒಳಗೆ ಹೋದರೆ ಉಳಿಯುತ್ತವೆ ಎಂದು ಪಶುವೈದ್ಯರು ಹೇಳಿದ್ದರು. ಮೇವು ಬಿಟ್ಟ ಮರಿಯೂ ನೀರು ಕುಡಿಯುತ್ತದೆ ಎಂದೂ ಹೇಳಿದ್ದರು. ಹಾಗಾದರೆ ಇವು ಕುಡಿಯುತ್ತಿರುವುದು ಎಲ್ಲಿ?

ಮೇವಿನ ಚೀಲ ಸರಿಸಿದಳು. ಅದರ ಹಿಂದೆ ಒಂದು ಸ್ಟೀಲ್ ಬೋಗುಣಿ, ಅದರ ತುಂಬ ತಿಳಿನೀರು. ಮರಿಗಳು ಚೆಲ್ಲಾಡಿ ಸುತ್ತಲಿನ ಹೊಟ್ಟು ಒದ್ದೆ ಮುದ್ದೆಯಾಗಿತ್ತು.

"ರೀ!"

ಇಡೀ ಬಸ್ಸಿನ ಜನರನ್ನು ಗದರಿ ಗದರಿ ಹಿಂದಕ್ಕೆ ಸರಿಸುತ್ತಿದ್ದ ನಿವೃತ್ತ ಕಂಡಕ್ಟರ್ ಗಂಡ, ಕದ್ದು ಹಾಲು ಕುಡಿದ ಬೆಕ್ಕಿನ ಹಾಗೆ ಬಂದು ಬಾಗಿಲಲ್ಲಿ ನಿಂತ.

"ಆ ಮದ್ದಿನ ನೀರು ಒಂದು ಗುಟುಕು ರುಚಿ ನೋಡ್ದೆ ಕಣೇ. ಥೂ, ಬಾಯಿಗೆ ಇಡೋಕಾಗಲ್ಲ. ಪಾಪ, ಇಷ್ಟಿಷ್ಟೇ ಇದಾವೆ! ಅದಕ್ಕೇ..."

"ಅದಕ್ಕೇ ಉಪಕಾರ ಮಾಡಿದ್ರಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅನ್ನೋಕೆ ಇದೇನು ಮಾವನ ಮನೆಯಾ? ಒಳ್ಳೆ ನೀರು ಪಕ್ಕದಲ್ಲೇ ಇದ್ರೆ ಔಷಧಿ ಯಾರು ಕುಡೀತಾರೆ? ಈ ಒದ್ದೆ ನೋಡಿ. ಹಿಕ್ಕೇಲಿರೋ ರೋಗ ಬೆಳೆಯೋದೇ ಇಂಥ ಕಡೆ. ಅದನ್ನೇ ಕೆದಕಿ ಕೆದಕಿ ಮತ್ತೆ ತಿಂತಾವೆ."

ಗಂಡನ ಮುಖ ಬಾಡಿಹೋಯಿತು. "ಹಾಗಾದ್ರೆ ಇದು ಸತ್ತಿದ್ದು ನನ್ನಿಂದ್ಲಾ?"

ಅವಳಿಗೆ ಸಿಟ್ಟು ನೆತ್ತಿಗೇರಿತ್ತು, ಆದರೂ ಆ ಮುಖ ನೋಡಿ ಅಯ್ಯೋ ಅನಿಸಿತು. "ಉಳಿಯೋದೂ ನಿಮ್ಮಿಂದ್ಲೇ. ಹೋಗಿ ಸಲಿಕೆ ತನ್ನಿ."

ಇಬ್ಬರೂ ಸೇರಿ ಹೊಟ್ಟನ್ನೆಲ್ಲ ಗೋರಿ ಹೊರಹಾಕಿದರು. ನೆಲ ಒಣಗಿಸಿ ಹೊಸ ಹೊಟ್ಟು ಹಾಸಿದರು, ಸೊರಗಿದವನ್ನು ಬೇರೆ ಪೆಟ್ಟಿಗೆಗೆ ಹಾಕಿದರು. ಒಂದೊಂದರ ಕೊಕ್ಕನ್ನೂ ಮದ್ದಿನ ನೀರಿಗೆ ಅದ್ದಿಸಿ ಕುಡಿಯಲು ಕಲಿಸುವ ಕೆಲಸವನ್ನು ಅವಳು ಬೇಕೆಂದೇ ಗಂಡನಿಗೆ ಕೊಟ್ಟಳು. ಅವನು ಮುಖ ಆಚೆ ತಿರುಗಿಸಿಕೊಂಡು ಅದ್ದಿಸಿದ. ದಿನವೂ ಅದ್ದಿಸಿದ. ಇನ್ನೂ ಕೆಲವು ಹೋದವು, ಆದರೆ ಹಿಕ್ಕೆಯಲ್ಲಿ ರಕ್ತ ಕಡಿಮೆಯಾಗುತ್ತ ಬಂತು.

ಒಂದು ಬೆಳಿಗ್ಗೆ ಅವನು ಕೈ ಉಜ್ಜಿಕೊಳ್ಳುತ್ತ ಅಡುಗೆಮನೆಗೆ ಬಂದ. "ನನ್ನ ಕೈ ಕಂಡ್ರೆ ಸಾಕು, ಒಂದೇ ಸಮ ಕಿರುಚ್ತಾವೆ ಕಣೇ. ಕುಕ್ಕಿ ಕುಕ್ಕಿ ಹಾಕಿದ್ವು. ಎಲ್ಲ ಸೇರಿ ಬೈತಿವೆ ನನ್ನ."

"ಬೈಲಿ ಬಿಡ್ರೀ," ಅಂದಳು ಟೈಲರಮ್ಮ. "ಬೈಯೋಕೂ ಉಸಿರು ಬೇಕು."