ಮಲ್ಲಿಗೆ ಮುಡಿಸುವ ಗುರುವಾರ

ಪಕ್ಕದ ಮನೆಯ ಸಣ್ಣಮ್ಮ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದರು. ವಿನೋದಾಳ ಸ್ಕಾರ್ಫು ಕಿವಿಯಿಂದ ಮೇಲೆ ಸರಿದಿತ್ತು. ಅದರಡಿಯ ಬೋಳು ಅವರ ಕಣ್ಣಿಗೆ ಬಿದ್ದಿತ್ತು.

"ಮತ್ತೆ ತಿರುಪತಿಗೆ ಹೋಗಿದ್ಯೇನವ್ವ? ದೀಪಾವಳೀಲೂ ಬೋಳು, ಸಂಕ್ರಾಂತೀಲೂ ಬೋಳು. ತಿಮ್ಮಪ್ಪ ನಿನ್ ತಲೇಲಿ ಒಂದ್ ಕೂದ್ಲೂ ಉಳಿಸಾಕಿಲ್ವಾ?"

"ಹರಕೆ ಅಲ್ವಾ ಅಕ್ಕ. ಹೇಳಿಕೊಂಡ ಮೇಲೆ ತೀರಿಸ್ಲೇಬೇಕಲ್ಲ."

ವಿನೋದಾ ಚೀಲದಿಂದ ಲಡ್ಡು ತೆಗೆದು ಕೊಟ್ಟಳು. ಸಣ್ಣಮ್ಮ ಅದನ್ನು ಕಣ್ಣಿಗೊತ್ತಿಕೊಂಡು ದಾರಿ ಬಿಟ್ಟರು.

ಲಡ್ಡು ತಿರುಪತಿಯದಲ್ಲ, ಇಲ್ಲೇ ಚೆನ್ನೈಯ ಟಿ. ನಗರದ ತಿಮ್ಮಪ್ಪನ ದೇವಸ್ಥಾನದ್ದು. ಈ ಊರಿನಲ್ಲಿ ಬೋಳುತಲೆಗೆ ಎಲ್ಲರಿಗೂ ಹೊಳೆಯುವುದು ಒಂದೇ ಕಾರಣ. ಕೈಗೆ ಪ್ರಸಾದ ಇಟ್ಟರೆ ಎರಡನೆಯ ಪ್ರಶ್ನೆ ಬರುವುದಿಲ್ಲ. ಮಾಧವರಂನ ಈ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಅವಳು ಕ್ಯಾನ್ಸರಿನ ವಿಷಯ ಹೇಳಿರಲಿಲ್ಲ. ಅವಳು ಕೆಲಸ ಮಾಡುವ ಹೋಟೆಲಿನ ಅಡುಗೆಮನೆಯಲ್ಲಿ ಎಲ್ಲರ ತಲೆಗೂ ಟೋಪಿ. ಅದರೊಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ. ಕುಂದಾಪುರದ ಅಣ್ಣ ತಿಂಗಳಿಗೊಮ್ಮೆ ಫೋನು ಮಾಡಿ, ಅಲ್ಲಿ ಮಳೆಯೋ ಬಿಸಿಲೋ ಹೇಳಿ ಇಡುತ್ತಾನೆ.

ಗುರುವಾರ ಮಾತ್ರ ಬೇರೆ.

ಗುರುವಾರ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಅವಳು ಆಸ್ಪತ್ರೆಯ ಹಿಂಬದಿಯ ಕೋಣೆಗೆ ಹೋಗುತ್ತಾಳೆ. ಅಲ್ಲಿ ಕೀಮೋದಿಂದ ಕೂದಲು ಉದುರಿದವರಿಗೆಂದೇ ಇಟ್ಟ ಆರು ಕುರ್ಚಿ. ನಡೆಸುವವರು ವಾಸಂತಿ, ನಿವೃತ್ತ ಟೀಚರು. ರೋಗ ಎಲ್ಲಿಗೆ ಬಂತು, ಔಷಧಿ ಎಂದು ಮುಗಿಯುತ್ತದೆ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಸ್ಕಾರ್ಫು ಬಿಚ್ಚಿ, ಒಬ್ಬರ ತಲೆಗೆ ಇನ್ನೊಬ್ಬರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಅಷ್ಟೇ ಕೆಲಸ. ಮೊದಲ ಸಲ ವಾಸಂತಿಯ ಅಂಗೈ ನೆತ್ತಿಯ ಮೇಲೆ ಕೂತಾಗ ವಿನೋದಾ ಅತ್ತುಬಿಟ್ಟಿದ್ದಳು. ಗಂಡ ಸತ್ತ ಮೇಲೆ ಅವಳನ್ನು ಮುಟ್ಟಿದವರೆಲ್ಲ ಗ್ಲೌಸು ಹಾಕಿಕೊಂಡಿದ್ದರು.

ಆ ಕೋಣೆಗೆ ಒಂದು ಪದ್ಧತಿಯಿದೆ. ಯಾರಿಗಾದರೂ ಕೂದಲು ಮತ್ತೆ ಬಂದು ಕ್ಲಿಪ್ಪು ನಿಲ್ಲುವಷ್ಟಾದರೆ ಅವಳಿಗೆ ಒಂದು ಮೊಳ ಮಲ್ಲಿಗೆ ಮುಡಿಸಿ ಕಳಿಸುತ್ತಾರೆ. ಕುರ್ಚಿ ಹೊಸಬಳಿಗೆ. ಹೂ ಮುಡಿದು ಹೋದವರು ಮರಳಿ ಬರುವುದಿಲ್ಲ. ಫೋನು ಮಾಡುತ್ತೇನೆ ಎನ್ನುತ್ತಾರೆ. ಮಾಡುವುದಿಲ್ಲ.

ಈ ವಾರ ಅನ್ವಿತಾಳ ಸರದಿ. ಇಪ್ಪತ್ತಾರರ ಹುಡುಗಿ, ಐದು ತಿಂಗಳಿನಿಂದ ವಿನೋದಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು. ಹೂವಿನ ಭಾರಕ್ಕೆ ಕ್ಲಿಪ್ಪು ಎರಡು ಸಲ ಜಾರಿತು. ಎಲ್ಲರೂ ನಕ್ಕರು. ವಿನೋದಾ ಗೋಳಿಬಜೆ ಮಾಡಿ ತಂದಿದ್ದಳು. ಕೀಮೋದಿಂದ ನಾಲಗೆಯ ರುಚಿ ಸತ್ತುಹೋಗಿದ್ದ ಉಳಿದವರು ಚೂರು ಮುರಿದು ಬಾಯಿಗಿಟ್ಟು ತಟ್ಟೆ ಸರಿಸಿದರು. ಕೊನೆಗೆ ವಿನೋದಾಳೇ ತಿಂದು ಮುಗಿಸಿದಳು.

"ಆಂಟಿ, ನನ್ನ ಮದುವೆಗೆ ಬರ್ಬೇಕು. ಹೂ ಮುಡ್ಕೊಂಡೇ ಬರ್ಬೇಕು," ಎಂದಳು ಅನ್ವಿತಾ.

"ನೋಡುವ ಮಗಾ."

ಗಾಜಿನ ಬಾಗಿಲಿನಾಚೆ ಅನ್ವಿತಾಳ ತಾಯಿ ಕಾಯುತ್ತಿದ್ದರು. ಮೂಲೆ ತಿರುಗುವಾಗ ಅನ್ವಿತಾ ಹೂವನ್ನು ಮುಟ್ಟಿ ನೋಡಿಕೊಂಡಳು. ಹಿಂತಿರುಗಿ ನೋಡಲಿಲ್ಲ.

ಉಳಿದವರೂ ಹೊರಟರು. ವಾಸಂತಿ ಬಟ್ಟಲಿನ ತಳದ ಎಣ್ಣೆಯನ್ನು ವಿನೋದಾಳ ನೆತ್ತಿಗೆ ತಟ್ಟಿದರು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಅವರ ಕನ್ನಡದಲ್ಲಿ ತಮಿಳು ತಾನಾಗಿ ಬೆರೆಯುತ್ತಿತ್ತು.

"ಬೇಜಾರ್ ಪಡ್ಬೇಡಿಮ್ಮಾ. ನಿಮಗೂ ಕೂದ್ಲು ಸೀಕ್ರಂ, ಬೇಗ್ನೇ ಬರತ್ತೆ, ಪಾರುಂಗೊ. ನಾನು ದಿನಾ ಬೇಡ್ಕೊಳ್ತೀನಿ."

"ನನಗೆ ಅಂತ ಬೇಡಿಕೊಳ್ಳುದು ಬೇಡ ಟೀಚರ್."

ಧ್ವನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ವಾಸಂತಿ ಆ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಆಸೆ ಬಿಟ್ಟವರು ಹೀಗೇ ಮಾತಾಡುವುದನ್ನು ಅವರು ಎಷ್ಟೋ ಸಲ ಕೇಳಿದ್ದರು. ವಿನೋದಾ ಕಣ್ಣು ಮುಚ್ಚಿ, ಆ ಕೈ ಎಷ್ಟು ಹೊತ್ತು ಇದ್ದೀತೋ ಅಷ್ಟೂ ಹೊತ್ತು ಅಲುಗಾಡದೆ ಕೂತಳು.

ಮುಂದಿನ ಗುರುವಾರ ಬೆಳಿಗ್ಗೆ ಅವಳು ಬಚ್ಚಲಿನ ಚಿಲಕ ಹಾಕಿ, ಏಳು ದಿನದಲ್ಲಿ ಕಪ್ಪಗೆ, ಒತ್ತಾಗಿ ಬೆಳೆದಿದ್ದ ಕೂದಲನ್ನು ರೇಜರಿನಿಂದ ನುಣ್ಣಗೆ ಬೋಳಿಸಿಕೊಂಡಳು. ಪೂರ್ತಿ ಗುಣವಾಯಿತು, ಇನ್ನು ಬರಬೇಕಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಇದು ನೂರನೆಯದೋ ನೂರೊಂದನೆಯದೋ ವಾರ.